ಬೂತಾಯಿಯ ಹೊಟ್ಟೆಯಲ್ಲಿ ಏನಿತ್ತು?

ಯಾವ ಮೀನು ಏನು ತಿನ್ನುತ್ತದೆ ಎಂಬುದನ್ನು ನಮ್ಮ ಕರಾವಳಿಯಲ್ಲಿ ಎಲ್ಲರಿಗಿಂತ ಮೊದಲು ಅರಿತವರು ಮೀನು ಕೊಯ್ಯುವ ಹೆಂಗಸರು. ಮಲ್ಪೆಯ ನಮ್ಮ ಮನೆಯಲ್ಲಿ ದೊಡ್ಡಮ್ಮ ಬೂತಾಯಿ ಕೊಯ್ಯಲು ಕೂತರೆ ತಲೆ ತೆಗೆದು, ಹೊಟ್ಟೆ ಸೀಳಿ, ಒಳಗಿನ ಕಪ್ಪು ಪೊರೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯುತ್ತಿದ್ದರು. ಸುರುಳಿ ಸುತ್ತಿದ ಉದ್ದನೆಯ ಕರುಳು, ಅದರೊಳಗೆ ಹಸಿರುಗಪ್ಪು ಲೇಹ. ಅಂಜಲ್ ಕೊಯ್ಯುವಾಗ ಕತೆಯೇ ಬೇರೆ. ಕರುಳು ಗಿಡ್ಡ, ಹೊಟ್ಟೆ ಮಾತ್ರ ದೊಡ್ಡ ಚೀಲ. ಕೆಲವೊಮ್ಮೆ ಅದರೊಳಗಿಂದ ಅರೆಜೀರ್ಣವಾದ ಬೂತಾಯಿಯೇ ಹೊರಗೆ ಬರುತ್ತಿತ್ತು. ಕೊಡ್ಡಾಯಿಯ ಹೊಟ್ಟೆಯಲ್ಲಿ ಸಿಗಡಿಯ ಸಿಪ್ಪೆ, ನಂಗ್ ಮೀನಿನ ಹೊಟ್ಟೆಯಲ್ಲಿ ಕೆಸರಿನ ಹುಳ. "ಮಗಾ, ಇದು ಮೇಲಿನ ನೀರಿನಲ್ಲಿ ಮೇಯುವ ಮೀನು, ಅದು ಅಡಿಯ ಮೀನು" ಎಂದು ದೊಡ್ಡಮ್ಮ ಹೇಳುತ್ತಿದ್ದದ್ದು ಪಾಠವೆಂದಲ್ಲ, ಬೆಕ್ಕಿಗೆ ಯಾವುದನ್ನು ಹಾಕಬೇಕು, ತೆಂಗಿನ ಬುಡಕ್ಕೆ ಯಾವುದನ್ನು ಹಾಕಬೇಕು ಎನ್ನುವ ಲೆಕ್ಕದಲ್ಲಿ.

ಮುಂದೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕಲಿತು, ಪ್ರಯೋಗಾಲಯದಲ್ಲಿ ಮೀನಿನ ಹೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ನನ್ನ ಉದ್ಯೋಗವಾಯಿತು. 1969ರಲ್ಲಿ ಶುರುವಾದ ಆ ಕಾಲೇಜು ದೇಶದಲ್ಲೇ ಮೊದಲನೆಯದು. ಅಲ್ಲಿಯ ಪುಸ್ತಕಗಳಲ್ಲಿದ್ದ ವಿಂಗಡಣೆ ದೊಡ್ಡಮ್ಮನದಕ್ಕಿಂತ ಬಹಳ ದೂರವೇನೂ ಇರಲಿಲ್ಲ. ಆದರೆ ಪುಸ್ತಕದ ಹಿಂದೆ ನೂರಾರು ವರ್ಷಗಳ ದುಡಿಮೆ ಇತ್ತು, ಅದರಲ್ಲಿ ಒಂದು ದೊಡ್ಡ ಪಾಲು ನಮ್ಮದೇ ಕರಾವಳಿಯದು. ಬೂತಾಯಿ ಮತ್ತು ಬಂಗುಡೆ ಒಂದು ವರ್ಷ ರಾಶಿ ರಾಶಿಯಾಗಿ ಬಂದು ಇನ್ನೊಂದು ವರ್ಷ ಯಾಕೆ ಮಾಯವಾಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವರು ಕೊನೆಗೆ ಬಂದು ನಿಂತದ್ದು ಮೀನಿನ ಹೊಟ್ಟೆಯ ಮುಂದೆ. ಆ ಹುಡುಕಾಟದ ಕತೆ ಇಲ್ಲಿನ ಜನರಿಗೆ ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಣ್ಣೆಯ ಮಾತು. ಇಂಗ್ಲಿಷರ ಕಾಲದಲ್ಲಿ ಬೂತಾಯಿಗೆ ಬೆಲೆ ಬಂದದ್ದು ಊಟದ ತಟ್ಟೆಯಿಂದಲ್ಲ. ದಸರಾ ಕಳೆದ ಮೇಲೆ ಸಿಗುವ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಬೇರೆ ಎಣ್ಣೆ ಬೇಡ, ಅದೇ ಎಣ್ಣೆ ಬಿಡುತ್ತದೆ. ಆ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿಯುತ್ತಿದ್ದರು, ಚರ್ಮ ಹದ ಮಾಡಲು ಬಳಸುತ್ತಿದ್ದರು, ಪೀಪಾಯಿಗಳಲ್ಲಿ ತುಂಬಿ ಹಡಗಿಗೆ ಏರಿಸುತ್ತಿದ್ದರು. ಎಣ್ಣೆ ತೆಗೆದು ಉಳಿದ ಹಿಂಡಿ, ಮರಳಿನ ಮೇಲೆ ಒಣಗಿಸಿದ ಇಡೀ ಮೀನು, ಎರಡೂ ತೆಂಗಿನ ತೋಟಕ್ಕೂ ಕಾಫಿ ತೋಟಕ್ಕೂ ಗೊಬ್ಬರವಾಗಿ ಹೋಗುತ್ತಿದ್ದವು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಉತ್ತರ ಕನ್ನಡ ಬೊಂಬಾಯಿಯ ಕೈಯಲ್ಲಿತ್ತು. ಮದ್ರಾಸಿನಲ್ಲಿ ಮೀನುಗಾರಿಕೆಯನ್ನು ಸರಕಾರದ ಕೆಲಸವಾಗಿ ಕಟ್ಟಿ ನಿಲ್ಲಿಸಿದವರು ಸರ್ ಫ್ರೆಡರಿಕ್ ನಿಕಲ್ಸನ್. ಕೊಳೆತ ಮೀನಿನಿಂದ ನಾರುವ ಎಣ್ಣೆ ತೆಗೆಯುವ ಹಳೆಯ ಪದ್ಧತಿ ಬಿಟ್ಟು, ತಾಜಾ ಮೀನನ್ನು ಬೇಯಿಸಿ ಹಿಂಡುವ ಕ್ರಮವನ್ನು ಅವರು ಸಮುದ್ರದಂಡೆಯಲ್ಲೇ ಮಾಡಿ ತೋರಿಸಿದರು. ಮುಂದಿನ ವರ್ಷಗಳಲ್ಲಿ ಮಲಬಾರಿನಿಂದ ನಮ್ಮ ಕಡೆಯವರೆಗೂ ಇಂಥ ಚಿಕ್ಕ ಚಿಕ್ಕ ಎಣ್ಣೆಮನೆಗಳು ನೂರಾರು ಎದ್ದವು.

ಬಂಡವಾಳ ಹೂಡಿದವರಿಗೆ ಮೀನು ಪ್ರತಿವರ್ಷ ಬರಬೇಕು. ಬೂತಾಯಿಗೆ ಆ ನಿಯಮ ತಿಳಿಯದು. ಒಂದು ವರ್ಷ ಎಣ್ಣೆಮನೆಯ ಒಲೆ ಆರಿಸಲು ಪುರುಸೊತ್ತಿಲ್ಲ, ಮರುವರ್ಷ ಒಲೆ ಹಚ್ಚಲು ಕಾರಣವಿಲ್ಲ. ಹೀಗಾಗಿ ವಿಜ್ಞಾನಿಗಳನ್ನು ಕೇಳುವ ಪ್ರಸಂಗ ಬಂತು.

ಕಲ್ಲಿಕೋಟೆಯ ಹತ್ತಿರ ವೆಸ್ಟ್ ಹಿಲ್‌ನಲ್ಲಿ 1921ರಲ್ಲಿ ಒಂದು ಕಡಲಜೀವಿ ಅಧ್ಯಯನ ಕೇಂದ್ರ ತೆರೆಯಿತು. ಜೇಮ್ಸ್ ಹಾರ್ನೆಲ್ ಆಗ ಮದ್ರಾಸ್ ಮೀನುಗಾರಿಕಾ ಇಲಾಖೆಯ ಮುಖ್ಯಸ್ಥರು. ದೋಣಿ, ಬಲೆ, ಶಂಖ, ಮುತ್ತು ಎಲ್ಲದರ ಮೇಲೂ ಆಸಕ್ತಿಯಿದ್ದ ಮನುಷ್ಯ. ಅವರೂ ಎಂ. ರಾಮಸ್ವಾಮಿ ನಾಯುಡು ಅವರೂ ಸೇರಿ ಬೂತಾಯಿಯ ಬದುಕಿನ ಬಗ್ಗೆಯೂ ಮಲಬಾರ್ ಕರಾವಳಿಯ ಪ್ಲವಕಗಳ ಬಗ್ಗೆಯೂ ಒಟ್ಟಿಗೆ ಬರೆದ ವರದಿ 1923ರದ್ದು. ನೀರಿನಲ್ಲಿ ತೇಲಾಡುವ, ಹೆಚ್ಚಾಗಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಮತ್ತು ಪ್ರಾಣಿಗಳೇ ಪ್ಲವಕ. ಜರ್ಮನಿಯ ವಿಕ್ಟರ್ ಹೆನ್ಸೆನ್ ಅವಕ್ಕೆ ಪ್ಲಾಂಕ್ಟನ್ ಎಂದು ಹೆಸರಿಟ್ಟದ್ದು 1887ರಲ್ಲಿ. ಅಲ್ಲಿಂದ ನಾಲ್ಕು ದಶಕವೂ ತುಂಬುವ ಮೊದಲೇ ನಮ್ಮ ಕಡಲಿನ ಮೀನನ್ನೂ ಅದರ ಮೇವನ್ನೂ ಒಂದೇ ವರದಿಯಲ್ಲಿ ಇಟ್ಟು ನೋಡಿದ್ದು ಸಣ್ಣ ಸಂಗತಿಯಲ್ಲ. ಅದುವರೆಗೆ ಮೀನು ಹಿಡಿದ ಲೆಕ್ಕ ಇತ್ತು, ಮಾರಿದ ಲೆಕ್ಕ ಇತ್ತು. ಮೀನು ಉಂಡ ಲೆಕ್ಕ ಇರಲಿಲ್ಲ.

ಬೂತಾಯಿ ಹೇಗೆ ಉಣ್ಣುತ್ತದೆ ಎಂದು ನೋಡಬೇಕಾದರೆ ಅದರ ಕಿವಿರಿನ ಮುಚ್ಚಳ ಎತ್ತಬೇಕು. ಕೆಂಪು ಕಿವಿರಿನ ಒಳಬದಿಯಲ್ಲಿ, ಬಾಯಿಯ ಕಡೆಗೆ ಮುಖ ಮಾಡಿ, ಸಣ್ಣ ಹಲ್ಲಿನ ಬಾಚಣಿಗೆಯಂತೆ ಬಿಳಿ ಕಡ್ಡಿಗಳು ಒತ್ತಾಗಿ ನಿಂತಿರುತ್ತವೆ. ಕೆಳಗಿನ ತೋಳೊಂದರಲ್ಲೇ 150ಕ್ಕೂ ಹೆಚ್ಚು. ಮೀನು ಬಾಯಿ ತೆರೆದು ಈಜುವಾಗ ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ನೀರಿನಲ್ಲಿದ್ದದ್ದು ಕಡ್ಡಿಗಳಿಗೆ ಸಿಕ್ಕಿ ಗಂಟಲಿಗೆ ಇಳಿಯುತ್ತದೆ. ಬಂಗುಡೆಯಲ್ಲಿ ಈ ಕಡ್ಡಿಗಳು ಇನ್ನೂ ಉದ್ದ, ಗರಿಗರಿ. ಬಾಯಿ ಅಗಲಿಸಿದರೆ ಸಾಕು, ಹೊರಗಿನಿಂದಲೇ ಕಾಣುತ್ತವೆ. ಅಂಜಲಿನ ಕಿವಿರಿನಲ್ಲಿ ಅಂಥ ಕಡ್ಡಿ ಬೆರಳೆಣಿಕೆಯಷ್ಟು, ಅವೂ ಮೋಟು. ಅದಕ್ಕೆ ಸೋಸುವ ಕೆಲಸವಿಲ್ಲ, ಕತ್ತರಿಸುವ ಹಲ್ಲು ಇದೆ. ಪೇಟೆಯಲ್ಲಿ ಮೀನು ಕೊಳ್ಳುವಾಗ ತಾಜಾ ಹೌದೋ ಅಲ್ಲವೋ ಎಂದು ಎಲ್ಲರೂ ಕಿವಿರು ಎತ್ತಿ ನೋಡುತ್ತಾರೆ. ಅದೇ ಹೊತ್ತಿಗೆ ಈ ಕಡ್ಡಿಗಳನ್ನು ನೋಡಿದರೆ ಆ ಮೀನಿನ ಊಟದ ಅರ್ಧ ಕತೆ ತಿಳಿಯುತ್ತದೆ.

ಉಳಿದರ್ಧ ಹೊಟ್ಟೆಯಲ್ಲಿದೆ. ನಾವು ಮಾಡುತ್ತಿದ್ದ ಕ್ರಮ ಹೀಗೆ. ದಕ್ಕೆಯಿಂದ ತಂದ ಮೀನಿನ ಉದ್ದ, ತೂಕ ಬರೆದುಕೊಂಡು ಹೊಟ್ಟೆ ಬಿಡಿಸಿ ಫಾರ್ಮಲಿನ್ನಿನಲ್ಲಿ ಇಡುವುದು. ಮೊದಲು ಹೊಟ್ಟೆ ಎಷ್ಟು ತುಂಬಿದೆ ಎಂದು ಗುರುತು ಹಾಕುವುದು: ಬಿಗಿದಿದೆ, ತುಂಬಿದೆ, ಮುಕ್ಕಾಲು, ಅರ್ಧ, ಕಾಲು, ಬರಿದು. ಆಮೇಲೆ ಒಳಗಿನ ಲೇಹವನ್ನು ಅಳತೆಯ ನೀರಿನಲ್ಲಿ ಕಲಕಿ, ಅದರಿಂದ ಒಂದು ಮಿಲಿಲೀಟರ್ ತೆಗೆದು ಗೆರೆ ಕೊರೆದ ಗಾಜಿನ ತಟ್ಟೆಗೆ ಬಿಡುವುದು. ಆ ತಟ್ಟೆಯಲ್ಲಿ ಸಾವಿರ ಚೌಕ. ಒಂದೊಂದೇ ಚೌಕ ಸರಿಸುತ್ತಾ ಎಣಿಸುವುದು. ಬೂತಾಯಿಯದಾದರೆ ಕಣ್ಣಿಗೆ ಹಬ್ಬ. ಫ್ರಜಿಲೇರಿಯ ಎಂಬ ಡಯಾಟಮ್ ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡು ಪಟ್ಟಿ ಪಟ್ಟಿಯಾಗಿ ಬರುತ್ತದೆ. ಕೊಸಿನೊಡಿಸ್ಕಸ್ ದುಂಡು ಬಿಲ್ಲೆ, ಅದರ ಮೇಲೆ ಸಾಲು ಸಾಲು ಚುಕ್ಕಿ. ಪ್ಲೂರೊಸಿಗ್ಮ ನಡುವಿನಲ್ಲಿ ಬಳುಕಿ ಎರಡು ತುದಿಯಲ್ಲಿ ಎದುರುಬದುರು ಬಾಗಿರುತ್ತದೆ. ಇವೆಲ್ಲ ಒಂದೇ ಜೀವಕೋಶದ ಸಸ್ಯಗಳು, ಗಾಜಿನ ಚಿಪ್ಪು ತೊಟ್ಟವು. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕೊಪಿಪಾಡ್ ಎಂಬ ಸಣ್ಣ ಸಿಗಡಿಜಾತಿಯ ಪ್ರಾಣಿಯ ಮೀಸೆಯೋ ಕಾಲೋ.

ಇಲ್ಲಿ ಒಂದು ಎಚ್ಚರ ಬೇಕು, ಅದನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಡಯಾಟಮ್ಮಿನ ಚಿಪ್ಪು ಸಿಲಿಕದ್ದು, ಹೊಟ್ಟೆಯ ಆಮ್ಲಕ್ಕೆ ಕರಗದು. ಮೆತ್ತಗಿನ ಜೀವಿಗಳು ನುಂಗಿದ ಸ್ವಲ್ಪ ಹೊತ್ತಿಗೇ ಗುರುತಿಲ್ಲದಂತೆ ಕರಗಿಹೋಗುತ್ತವೆ. ಹೀಗಾಗಿ ಎಣಿಸಿದವನ ಪುಸ್ತಕದಲ್ಲಿ ಡಯಾಟಮ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮೀನು ಹಿಡಿದ ಬಲೆಯೂ ಲೆಕ್ಕ ಕೆಡಿಸಬಲ್ಲದು. ರಾತ್ರಿ ಬಿಟ್ಟು ಬೆಳಿಗ್ಗೆ ಎಳೆಯುವ ಬಲೆಯಲ್ಲಿ ಸಿಕ್ಕ ಮೀನು ಅಷ್ಟು ಹೊತ್ತಿಗೆ ಉಂಡದ್ದನ್ನು ಜೀರ್ಣಿಸಿಕೊಂಡಿರುತ್ತದೆ. ನನ್ನ ಅಜ್ಜ ರಂಪಣಿ ಎಳೆದವರು. ಎರಡು ತುದಿಯಲ್ಲಿ ಊರಿಗೆ ಊರೇ ನಿಂತು ದಡಕ್ಕೆ ಎಳೆಯುವ ಆ ದೊಡ್ಡ ಬಲೆಯಲ್ಲಿ ಬಂಗುಡೆ ಅತಿಯಾಗಿ ಬಿದ್ದರೆ ಒಂದೇ ದಿನ ತೆಗೆಯುತ್ತಿರಲಿಲ್ಲ. ಬಲೆಯನ್ನು ದಡದ ಹತ್ತಿರ ನೀರಿನಲ್ಲೇ ಕಟ್ಟಿ ನಿಲ್ಲಿಸಿ, ದಿನವೂ ಬೇಕಾದಷ್ಟು ಮೊಗೆದುಕೊಳ್ಳುತ್ತಿದ್ದರು. ಹಾಗೆ ಸೆರೆಯಲ್ಲಿದ್ದ ಮೀನಿನ ಹೊಟ್ಟೆ ನೋಡಿ 'ಈ ತಿಂಗಳು ಬಂಗುಡೆ ಉಪವಾಸ' ಎಂದು ಬರೆದರೆ ತಪ್ಪಾಗುತ್ತದೆ. ಹಳೆಯ ದಾಖಲೆ ಓದುವಾಗ ಯಾವ ಬಲೆಯ ಮೀನು ಎಂದು ನಾನು ಮೊದಲು ಹುಡುಕುವುದು ಇದಕ್ಕೇ.

1940ರ ದಶಕದಲ್ಲಿ ಬೂತಾಯಿ ಕೈಕೊಟ್ಟಿತು. ಒಂದೆರಡು ವರ್ಷದ ಮಾತಲ್ಲ, ಹೆಚ್ಚುಕಡಿಮೆ ಇಡೀ ದಶಕ. ಎಣ್ಣೆಮನೆಗಳು ಮುಚ್ಚಿದವು. ಮರಿಮೀನು ಹಿಡಿದದ್ದೇ ಕಾರಣವೆಂದು ಮದ್ರಾಸ್ ಸರಕಾರ ಕೆಲವು ಬಲೆಗಳ ಮೇಲೆ ನಿರ್ಬಂಧ ತಂದಿತು. ಮೀನು ಅದಕ್ಕೂ ಬಗ್ಗಲಿಲ್ಲ. ಈ ಹೊತ್ತಿಗೆ, 1947ರ ಫೆಬ್ರವರಿಯಲ್ಲಿ, ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿತು. ಅದರ ಕಲ್ಲಿಕೋಟೆಯ ಕೇಂದ್ರದಲ್ಲಿ ಕೆಲಸ ಮಾಡಿದವರಲ್ಲಿ ಬಿ. ಎಸ್. ಭೀಮಾಚಾರ್ ಒಬ್ಬರು. ಅದಕ್ಕೆ ಮೊದಲು ಮೈಸೂರು ಸಂಸ್ಥಾನದ ಹೊಳೆ, ಕೆರೆಗಳ ಮೀನುಗಳನ್ನು ಸಮೀಕ್ಷೆ ಮಾಡಿದ್ದವರು. ಸಿಹಿನೀರಿನಿಂದ ಉಪ್ಪುನೀರಿಗೆ ಬಂದ ಆ ಕಣ್ಣಿಗೆ ಕಂಡದ್ದು ಕಡಲಿನ ಬಣ್ಣ. 1950ರಲ್ಲಿ ಅವರೂ ಪಿ. ಸಿ. ಜಾರ್ಜ್ ಅವರೂ ಬರೆದ ಲೇಖನದ ವಾದ ಇದು: ಮಲಬಾರ್ ಮತ್ತು ಕನ್ನಡ ಕರಾವಳಿಯಲ್ಲಿ ಮೀನುಗಾರಿಕೆ ಇದ್ದಕ್ಕಿದ್ದಂತೆ ಕುಸಿಯುವುದಕ್ಕೆ ಕಡಲು ಕೆಂಪಾಗುವ ವಿದ್ಯಮಾನವೇ ಕಾರಣವಾಗಿರಬಹುದು.

ಕೆಂಪಾಗಿಸುವುದು ನಾಕ್ಟಿಲೂಕ ಎಂಬ ಏಕಕೋಶ ಜೀವಿ. ಇದು ಮಿಣುಕುವ ಜೀವಿಯೂ ಹೌದು. 2020ರ ನವೆಂಬರಿನಲ್ಲಿ ಉಡುಪಿಯ ಕಡಲತೀರದಲ್ಲಿ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದಾಗ ಜನ ಸಂಸಾರ ಸಮೇತ ನೋಡಲು ಹೋದರಲ್ಲ, ಅದು ಇದರದೇ ಬೆಳಕು. ನಾಕ್ಟಿಲೂಕಕ್ಕೂ ಡಯಾಟಮ್ಮೇ ಊಟ. ಅಂದರೆ ಬೂತಾಯಿಯ ಎಲೆಗೆ ಕೈಹಾಕುವ ಪಂಕ್ತಿಯವನು ಅದು. ಅದು ಕಿಕ್ಕಿರಿದ ನೀರಿನಿಂದ ಮೀನು ದೂರ ಸರಿಯುತ್ತದೆ ಎಂಬುದು ಭೀಮಾಚಾರ್ ಮತ್ತು ಜಾರ್ಜ್ ಅವರ ವಾದದ ತಿರುಳು. ಇದೊಂದರಿಂದಲೇ ಹತ್ತು ವರ್ಷದ ಬರಗಾಲವನ್ನು ವಿವರಿಸಲು ಆಗದೆಂದು ನನ್ನ ಅಭಿಪ್ರಾಯ. ಆದರೂ ಮೀನಿನ ಬರವನ್ನು ಬಲೆಯಲ್ಲಿ ಹುಡುಕುವುದನ್ನು ನಿಲ್ಲಿಸಿ ನೀರಿನಲ್ಲಿ ಹುಡುಕಿದ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಇನ್ನೂ ನೇರವಾಗಿ ಮಾತಾಡಿದರು. 'ಕರೆಂಟ್ ಸೈನ್ಸ್' ಪತ್ರಿಕೆಯ ಅವರ ಟಿಪ್ಪಣಿಯ ಪ್ರಕಾರ ಫ್ರಜಿಲೇರಿಯ ಓಶಿಯಾನಿಕ ಎಂಬ ಒಂದೇ ಒಂದು ಡಯಾಟಮ್ ಕಡಲಿನಲ್ಲಿ ಎಷ್ಟಿದೆ ಎಂಬುದು ಬೂತಾಯಿಯ ಸಮೃದ್ಧಿಯ ಸೂಚಕ. ಅದು ಹೇರಳವಾದರೆ ಮೀನು ದಡಕ್ಕೆ ಬರುತ್ತದೆ, ಅದು ಕ್ಷೀಣಿಸಿದರೆ ಮೀನೂ ಇಲ್ಲ. ನಮ್ಮ ಕಡೆಯ ಬೂತಾಯಿಯ ಹೊಟ್ಟೆಯನ್ನು ನೋಡಿ 1962ರಲ್ಲಿ ಬರೆದವರು ಎಂ. ಎಚ್. ಧುಲ್ಖೇಡ್. ಅದೇ ವರ್ಷ ಎ. ನೋಬಲ್ ಕಾರವಾರದ ಬಂಗುಡೆಯ ಊಟದ ಬಗ್ಗೆ ಬರೆದರು. ಈ ಎರಡು ಲೇಖನಗಳನ್ನು ಮೀನುಗಾರಿಕೆ ಕಲಿಯುವ ಮಕ್ಕಳು ಇಂದಿಗೂ ಅಕ್ಕಪಕ್ಕದಲ್ಲಿಟ್ಟು ಓದಬೇಕು ಎನ್ನುತ್ತೇನೆ. ಒಂದೇ ಕಡಲಿನಲ್ಲಿ, ಒಂದೇ ಋತುವಿನಲ್ಲಿ, ಒಂದೇ ಬುಟ್ಟಿಯಲ್ಲಿ ಬರುವ ಈ ಎರಡು ಮೀನುಗಳಲ್ಲಿ ಬೂತಾಯಿ ಹೆಚ್ಚಾಗಿ ಸಸ್ಯಪ್ಲವಕದ ಕಡೆಗೆ, ಬೆಳೆದ ಬಂಗುಡೆ ಹೆಚ್ಚಾಗಿ ಪ್ರಾಣಿಪ್ಲವಕದ ಕಡೆಗೆ ವಾಲುತ್ತದೆ. ಬಂಗುಡೆಯ ಮರಿಗಳ ಹೊಟ್ಟೆಯಲ್ಲಿ ಮಾತ್ರ ಡಯಾಟಮ್ಮಿನ ಪಾಲು ಹೆಚ್ಚು.

ಹಾಗಾದರೆ ಬಂಗುಡೆಯನ್ನು ಯಾವ ಪಂಗಡಕ್ಕೆ ಸೇರಿಸುವುದು? ವಿಂಗಡಣೆಯ ಕತೆ ಇಲ್ಲಿಗೆ ಬಂದು ಸೇರುತ್ತದೆ. ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂಬ ಮೂರು ಕೋಣೆಗಳು ಹಳೆಯವು. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ಕೂಡ ಮೀನುಗಳ ಊಟದ ಬಗ್ಗೆ ಬರೆಯುತ್ತಾ ಬೇರೆ ಮೀನನ್ನು ಮುಟ್ಟದ ಮೀನೂ ಉಂಟೆಂದು ಗುರುತಿಸಿದ್ದ. ಆ ಮೂರು ಕೋಣೆಗಳಿಗೆ ಮುಂದಿನವರು ಕೆಸರಿನ ಕೊಳೆತ ಅಂಶ ತಿನ್ನುವವು, ಪ್ಲವಕ ಸೋಸುವವು ಎಂಬ ಕೋಣೆಗಳನ್ನು ಸೇರಿಸಿದರು. ನೀರಿನ ಯಾವ ಮಟ್ಟದಲ್ಲಿ ಮೇಯುತ್ತದೆ ಎಂಬುದರ ಮೇಲೆ ಮೇಲ್ಮೈ, ನಡುನೀರು, ತಳ ಎಂದು ಇನ್ನೊಂದು ರೀತಿ. ಊಟದಲ್ಲಿ ಎಷ್ಟು ಬಗೆ ಎಂಬುದರ ಮೇಲೆ ಮತ್ತೊಂದು: ಹಲವು ಬಗೆ ತಿನ್ನುವವು, ಕೆಲವೇ ಬಗೆ ತಿನ್ನುವವು, ಒಂದನ್ನೇ ನಂಬಿದವು. ಕರುಳಿನ ಉದ್ದವನ್ನು ಮೈಯುದ್ದದಿಂದ ಭಾಗಿಸಿ ನೋಡುವ ರೂಢಿಯೂ ಬಂತು. ಕರುಳು ಮೈಗಿಂತ ಗಿಡ್ಡವಿದ್ದರೆ ಮಾಂಸಾಹಾರಿ, ಹಲವು ಪಟ್ಟು ಉದ್ದವಿದ್ದರೆ ಸಸ್ಯಾಹಾರಿ. ದೊಡ್ಡಮ್ಮನ ಮೆಟ್ಟುಕತ್ತಿಯ ಮುಂದೆ ಬಿದ್ದಿರುತ್ತಿದ್ದ ಕರುಳುಗಳಿಗೆ ಈ ಲೆಕ್ಕ ಸರಿಯಾಗಿಯೇ ಹೊಂದುತ್ತಿತ್ತು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ ವಿಂಗಡಣೆ ಜರ್ಮನಿಯ ಷೇಪರ್‌ಕ್ಲೌಸ್ 1933ರಲ್ಲಿ ಮಾಡಿದ್ದು. ಆತ ಮೀನನ್ನು ಬಿಟ್ಟು ಊಟವನ್ನೇ ವಿಂಗಡಿಸಿದ. ಅನುಕೂಲ ಕಾಲದಲ್ಲಿ ತಿನ್ನುವ ಸಹಜ ಆಹಾರ, ಸಿಕ್ಕಾಗ ಖುಷಿಯಿಂದ ತಿನ್ನುವ ಆಹಾರ, ಬೇರೆ ಗತಿಯಿಲ್ಲದಾಗ ತಿನ್ನುವ ಆಪತ್ಕಾಲದ ಆಹಾರ. ರಷ್ಯಾದ ನಿಕೋಲ್ಸ್ಕಿ ಕೂಡ ಮುಂದೆ ಪ್ರಧಾನ, ಗೌಣ, ಆಕಸ್ಮಿಕ ಎಂಬ ದಾರಿಯಲ್ಲೇ ನಡೆದ. ಈ ರೀತಿಯಲ್ಲಿ ನೋಡಿದರೆ ಬಂಗುಡೆಗೆ ಒಂದೇ ಮೊಹರು ಒತ್ತಬೇಕಾಗಿಲ್ಲ. ಯಾವ ವಯಸ್ಸಿನಲ್ಲಿ, ಯಾವ ತಿಂಗಳಲ್ಲಿ, ಯಾವ ನೀರಿನಲ್ಲಿ ಏನನ್ನು ಪ್ರಧಾನವಾಗಿ ತಿಂದಿತು ಎಂದು ಬರೆಯಬೇಕು, ಅಷ್ಟೇ.

ಯಾವುದು ಪ್ರಧಾನ ಎಂದು ಅಳೆಯುವ ಬಗೆಯೂ ಸುಲಭದ್ದಲ್ಲ. ಎಷ್ಟು ಹೊಟ್ಟೆಗಳಲ್ಲಿ ಒಂದು ಪದಾರ್ಥ ಸಿಕ್ಕಿತು ಎಂದು ಎಣಿಸುವುದು ಒಂದು ದಾರಿ. ಎಷ್ಟು ಜೀವಿಗಳು ಸಿಕ್ಕವು ಎನ್ನುವುದು ಇನ್ನೊಂದು. ಎಷ್ಟು ಜಾಗ ತುಂಬಿತ್ತು ಎನ್ನುವುದು ಮೂರನೆಯದು. ಒಂದು ಸಿಗಡಿ ಹತ್ತು ಸಾವಿರ ಡಯಾಟಮ್ಮಿನ ಜಾಗ ಹಿಡಿಯಬಲ್ಲದು. ಎಣಿಕೆಯಲ್ಲಿ ಡಯಾಟಮ್ ಗೆಲ್ಲುತ್ತದೆ, ಗಾತ್ರದಲ್ಲಿ ಸಿಗಡಿ. ಒಂದೆರಡು ಮೀನು ಮಾತ್ರ ಹೊಟ್ಟೆ ಬಿರಿಯ ಸಿಗಡಿ ತಿಂದು ಉಳಿದವು ಮುಟ್ಟದಿದ್ದರೂ ಸರಾಸರಿಯಲ್ಲಿ ಸಿಗಡಿ ದೊಡ್ಡದಾಗಿ ಕಾಣುತ್ತದೆ. ಈ ಗೋಜಲಿಗೆ ಪರಿಹಾರ ಕೊಟ್ಟವರು ನಮ್ಮ ದೇಶದ ಎ. ವಿ. ನಟರಾಜನ್ ಮತ್ತು ಎ. ಜಿ. ಝಿಂಗ್ರನ್, 1961ರಲ್ಲಿ. ಪದಾರ್ಥದ ಗಾತ್ರದ ಶೇಕಡವನ್ನು ಅದು ಸಿಕ್ಕ ಹೊಟ್ಟೆಗಳ ಶೇಕಡದಿಂದ ಗುಣಿಸಿ, ಎಲ್ಲ ಪದಾರ್ಥಗಳ ಗುಣಲಬ್ಧಗಳ ಮೊತ್ತದಲ್ಲಿ ಅದರ ಪಾಲು ಎಷ್ಟೆಂದು ನೋಡುವುದು. ಹೆಚ್ಚು ಮೀನುಗಳು ಹೆಚ್ಚು ತಿಂದದ್ದು ಮೇಲೆ ಬರುತ್ತದೆ, ಒಬ್ಬನ ಹಬ್ಬದೂಟ ಕೆಳಗಿಳಿಯುತ್ತದೆ. ಭಾರತದಲ್ಲಿ ಮೀನಿನ ಹೊಟ್ಟೆ ನೋಡಿದ ಅಸಂಖ್ಯ ಪ್ರಬಂಧಗಳಲ್ಲಿ ಇಂದಿಗೂ ಈ ಲೆಕ್ಕವಿದೆ.

ಸಿಹಿನೀರಿನಲ್ಲಿ ವಿಂಗಡಣೆ ನೇರವಾಗಿ ಹಣದ ಮಾತಾಯಿತು. ಕಾಟ್ಲಾ ಮೇಲ್ಮೈಯಲ್ಲಿ ಪ್ರಾಣಿಪ್ಲವಕ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೊಳೆಯಲ್ಲಿ. ಮೂರನ್ನೂ ಒಂದೇ ಕೆರೆಯಲ್ಲಿ ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಹಾರ್ಮೋನು ಚುಚ್ಚಿ ಗೆಂಡೆಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ಮರಿಗಳ ಕೊರತೆ ನೀಗಿತು. 1959ರಲ್ಲಿ ಹಾಂಗ್‌ಕಾಂಗಿನಿಂದ ಹುಲ್ಲುಗೆಂಡೆ, ಜಪಾನಿನಿಂದ ಬೆಳ್ಳಿಗೆಂಡೆ ಬಂದವು. ಹುಲ್ಲು ತಿನ್ನುವ ಮೀನಿನ ಕೋಣೆ ನಮ್ಮಲ್ಲಿ ಖಾಲಿ ಇದೆ ಎಂಬ ತಿಳಿವಳಿಕೆ ಹುಲ್ಲುಗೆಂಡೆ ತಂದದ್ದರ ಹಿಂದಿತ್ತು.

ಆ ಕೋಣೆ ಖಾಲಿಯಿರಲಿಲ್ಲ. ತುಂಗಭದ್ರೆಯಲ್ಲಿ ಹರಗಿ ಮೀನು ಇತ್ತು. ನೀರಿನ ಗಿಡಗಳನ್ನು ತಿಂದು ದೊಡ್ಡದಾಗಿ ಬೆಳೆಯುವ, ದಖ್ಖನ್ನಿನ ಹೊಳೆಗಳ ಸ್ವಂತ ಮೀನು. ತುಂಗಭದ್ರಾ ಜಲಾಶಯ ತುಂಬಿದ ಮೊದಲ ವರ್ಷಗಳಲ್ಲಿ ಬಲೆಗೆ ಚೆನ್ನಾಗಿಯೇ ಬೀಳುತ್ತಿತ್ತು. ಎ. ಡೇವಿಡ್ ಮತ್ತು ರಹಮಾನ್ ಅದರ ಊಟವನ್ನೂ ಸಂತಾನವನ್ನೂ ಅಭ್ಯಾಸ ಮಾಡಿ, ಸಾಕಲು ಯೋಗ್ಯವೆಂದು 1975ರಲ್ಲಿ ಬರೆದರು. ಆ ಹೊತ್ತಿಗೆ ಪರದೇಶದ ಹುಲ್ಲುಗೆಂಡೆ ಕೆರೆಗಳಲ್ಲಿ ನೆಲೆಯಾಗಿತ್ತು, ಹರಗಿ ಜಲಾಶಯದಲ್ಲಿ ಅಪರೂಪವಾಗಿತ್ತು. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಮನೆಯ ಮೀನಿನ ಹೊಟ್ಟೆಯನ್ನು ಇಪ್ಪತ್ತು ವರ್ಷ ಮೊದಲೇ ಬಿಡಿಸಿ ನೋಡಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಮತ್ತೆ ಕಡಲಿಗೆ ಬರುತ್ತೇನೆ. ಡಯಾಟಮ್ ಯಾಕೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ? ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ ನಮ್ಮ ತೀರದ ಮೇಲ್ಮೈ ನೀರು ಹೊರಕ್ಕೆ ಸರಿದು, ಅದರ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಆ ನೀರಿನಲ್ಲಿ ಪ್ರಾಣವಾಯು ಕಡಿಮೆ, ಗೊಬ್ಬರ ಹೆಚ್ಚು. ಇದು ಕೇರಳದ ದಕ್ಷಿಣ ತುದಿಯಲ್ಲಿ ಮೊದಲು ಶುರುವಾಗಿ ನಮ್ಮ ಕಡೆಗೆ ಮೆಲ್ಲನೆ ಹಬ್ಬುತ್ತದೆ. ಬಿಸಿಲು ಕಂಡಾಗ ಡಯಾಟಮ್ ಆ ಗೊಬ್ಬರದ ಮೇಲೆ ಉಕ್ಕುತ್ತದೆ. ಬೂತಾಯಿ ಮೊಟ್ಟೆ ಇಡುವುದೂ ಇದೇ ಕಾಲ. ಮರಿಗಳು ಕಣ್ಣುಬಿಡುವ ಹೊತ್ತಿಗೆ ನೀರಿನಲ್ಲಿ ಮೇವು ಇರಬೇಕು. ಮಳೆ ತಡವಾದರೆ, ಗಾಳಿ ಸೋತರೆ, ತಣ್ಣೀರು ಏರುವುದು ಹಿಂದುಮುಂದಾದರೆ ಆ ಹೊಂದಾಣಿಕೆ ತಪ್ಪುತ್ತದೆ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲೆರೆದು ದೋಣಿ ಇಳಿಸುತ್ತಿದ್ದ ನಮ್ಮ ಹಿರಿಯರು ಮಳೆಗಾಲದಲ್ಲಿ ಕಡಲನ್ನು ಅದರ ಪಾಡಿಗೆ ಬಿಡುತ್ತಿದ್ದರು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧವಿದೆ.

ರಂಪಣಿಯ ಕಾಲ 1970ರ ದಶಕದ ಉತ್ತರಾರ್ಧದಲ್ಲಿ ಮುಗಿಯಿತು. ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವವರೆಗೆ ಕಾಯದೆ ಹೊರಗೇ ಸುತ್ತುವರಿದು ಇಡೀ ಹಿಂಡನ್ನು ಎತ್ತಿದವು. ಅಜ್ಜನ ತಲೆಮಾರಿನವರು ಮರಳಿನ ಮೇಲೆ ನಿಂತು ನೀರಿನ ಬಣ್ಣ, ಹಕ್ಕಿಗಳ ಸುಳಿದಾಟ, ರಾತ್ರಿಯಾದರೆ ಮೀನು ಸರಿದಾಗ ನೀರು ಮಿನುಗುವ ಬಗೆ ನೋಡಿ ಹಿಂಡು ಗುರುತಿಸುತ್ತಿದ್ದರು. ಅವರು ನೋಡುತ್ತಿದ್ದುದರಲ್ಲಿ ಬಹುಪಾಲು ಮೀನಿನ ಮೇವಿನ ಗುರುತುಗಳೇ. ಆ ಓದು ಬಲೆಯ ಜೊತೆಗೇ ಹೋಯಿತು, ಅದನ್ನು ಬರೆದಿಟ್ಟವರು ಬಹಳ ಕಡಿಮೆ.

ಏರಿಳಿತ ಇನ್ನೂ ನಿಂತಿಲ್ಲ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನಷ್ಟು. ನಮ್ಮ ದಕ್ಕೆಗಳಲ್ಲಿಯೂ ಆ ವರ್ಷಗಳ ಬರ ಗೊತ್ತಿರದವರಿಲ್ಲ.

ಮೀನಿನ ಊಟಕ್ಕೆ ಈಗ ಅಂಕಿಯ ಮೆಟ್ಟಿಲುಗಳಿವೆ. ಸಸ್ಯಪ್ಲವಕ 1ನೇ ಮೆಟ್ಟಿಲು, ಅದನ್ನು ತಿನ್ನುವುದು 2ನೆಯದು, ಅದನ್ನು ತಿನ್ನುವುದು 3ನೆಯದು. ಬೂತಾಯಿ 2 ಮತ್ತು 3ರ ನಡುವೆ ನಿಲ್ಲುತ್ತದೆ, ಅಂಜಲ್ 4ರ ಆಸುಪಾಸಿನಲ್ಲಿ. ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ದಾಟುತ್ತದೆ. ಬೂತಾಯಿ ಅಷ್ಟು ರಾಶಿಯಾಗಿ ಸಿಗುವುದಕ್ಕೆ ಕಾರಣವೇ ಅದು ಇಷ್ಟು ಕೆಳಗಿನ ಮೆಟ್ಟಿಲಿನಲ್ಲಿ ಉಣ್ಣುವುದು. ಡೇನಿಯಲ್ ಪಾಲಿ ಮತ್ತು ಸಂಗಡಿಗರು 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ ಜಗತ್ತಿನ ಮೀನುಗಾರಿಕೆ ಮೇಲಿನ ಮೆಟ್ಟಿಲಿನ ದೊಡ್ಡ ಮೀನುಗಳನ್ನು ಮುಗಿಸುತ್ತಾ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿದೆ. ಹೊಟ್ಟೆಯೊಳಗಿನ ಎಣಿಕೆಯೇ ಈ ಲೆಕ್ಕಕ್ಕೂ ಬುನಾದಿ.

ಉಳ್ಳಾಲದ, ಮಲ್ಪೆಯ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಇಂದು ಲಾರಿಗಟ್ಟಲೆ ಬೂತಾಯಿ, ಸಣ್ಣ ಮೀನು ಹೋಗುತ್ತದೆ. ನೂರು ವರ್ಷದ ಹಿಂದಿನ ಎಣ್ಣೆಮನೆಗಳ ಮುಂದುವರಿಕೆ ಇದು. ಹಿಟ್ಟು ಸಿಗಡಿಕೆರೆಗೆ, ಕೋಳಿಫಾರಮ್ಮಿಗೆ ಹೋಗುತ್ತದೆ. ಡಯಾಟಮ್ ತಿಂದ ಮೀನನ್ನು ಸಾಕಿದ ಸಿಗಡಿಗೆ ತಿನ್ನಿಸಿ, ಆ ಸಿಗಡಿಯನ್ನು ಹೊರದೇಶಕ್ಕೆ ಕಳಿಸುವಾಗ ನಡುವೆ ಒಂದು ಇಡೀ ಮೆಟ್ಟಿಲಿನ ನಷ್ಟವಿದೆ. ಹತ್ತು ಮನೆಯ ಸಾರಿನಲ್ಲಿ ಇರಬೇಕಾದ ಮೀನು ಅದು. ಇದನ್ನು ಹೇಳಿದರೆ ವ್ಯಾಪಾರ ತಿಳಿಯದವಳು ಎನ್ನುತ್ತಾರೆ. ಕಾರ್ಖಾನೆಗೆ ಹೋಗುವುದರಲ್ಲಿ ಮರಿಮೀನು ಎಷ್ಟು, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಲಾರಿಯ ಬಾಗಿಲಲ್ಲೇ ಯಾರಾದರೂ ಬರೆದುಕೊಳ್ಳಲಿ ಎಂಬುದಷ್ಟೇ ನನ್ನ ಕೇಳಿಕೆ. ತೂಕ ಬರೆಯುವ ಗುಮಾಸ್ತ ಈಗಾಗಲೇ ಅಲ್ಲಿ ಕೂತಿದ್ದಾನೆ. ಅವನ ಪಕ್ಕದಲ್ಲಿ ಒಂದು ಸಣ್ಣ ಕತ್ತಿ, ಒಂದು ಬಾಟಲಿ ಫಾರ್ಮಲಿನ್, ಕಾಲೇಜಿನ ಒಬ್ಬ ಹುಡುಗಿ ಇದ್ದರೆ ಸಾಕು. ಹಾರ್ನೆಲ್, ನಾಯುಡು, ಧುಲ್ಖೇಡ್, ನೋಬಲ್ ಬಿಟ್ಟುಹೋದ ಅಂಕಿಗಳ ಮುಂದೆ ಈ ವರ್ಷದ ಅಂಕಿಗಳನ್ನು ಇಟ್ಟು ನೋಡಬಹುದು.